ಇಲ್ಲದ ಸೈನ್ಯಕ್ಕೆ ಇದ್ದ ಜನರಲ್: ಕ್ಯೂನಿಂದ ನಾರ್ಮಂಡಿವರೆಗೆ ನನ್ನ ನಾಲ್ಕು ತಿಂಗಳು

ಹೋದ ವಾರ ಫ್ರಾನ್ಸಿನ ನಾರ್ಮಂಡಿಯಿಂದ ವಾಪಸ್ ಬಂದೆ. ಚೀಲದಲ್ಲಿರುವ ಬಟ್ಟೆ ಇನ್ನೂ ಒಗೆದಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಎರಡನೇ ಮಹಾಯುದ್ಧದ ಕಾಗದಪತ್ರ ಕಣ್ಣಾರೆ ನೋಡಬೇಕು, ಆ ಜಾಗಗಳಿಗೆ ಹೋಗಬೇಕು ಅನ್ನುವ ಆಸೆ ನಮ್ಮವರಲ್ಲಿ ಬಹಳ ಜನಕ್ಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಇರುವವರಿಗೆ ದಾರಿ ಸ್ವಲ್ಪ ಸುತ್ತು. ನಾನು ಪಟ್ಟ ಪಾಡು ನೀವು ಪಡಬೇಡಿ ಅಂತಲೇ ಇದನ್ನು ಬರೆಯುತ್ತಿರುವುದು.

ಶುರುವಾಗಿದ್ದು ಒಬ್ಬ ಹುಡುಗನ ಪ್ರಶ್ನೆಯಿಂದ. ನಾನಿರುವುದು ಲೆಸ್ಟರ್‌ನಲ್ಲಿ. ಭಾನುವಾರ ಏಳೆಂಟು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಕೊನೆಯ ಹತ್ತು ನಿಮಿಷ ಕಥೆ. ಆ ದಿನ ಹೇಳಿದ್ದು ಕ್ಲಿಫ್ಟನ್ ಜೇಮ್ಸ್ ಎಂಬ ನಟನ ಕಥೆ. ಯುದ್ಧದ ಕಾಲದಲ್ಲಿ ಇದೇ ಲೆಸ್ಟರ್‌ನಲ್ಲಿ, ಸೈನಿಕರ ಸಂಬಳದ ಲೆಕ್ಕ ನೋಡುವ ಕಚೇರಿಯಲ್ಲಿ ಅವರು ಲೆಫ್ಟಿನೆಂಟ್ ಆಗಿದ್ದರು. ನೋಡಲು ಥೇಟ್ ಬ್ರಿಟಿಷ್ ಸೇನೆಯ ಜನರಲ್ ಮಾಂಟ್‌ಗೊಮರಿ, ಜನರ ಬಾಯಲ್ಲಿ ಮಾಂಟಿ. ಡಿ-ಡೇಗೆ, ಅಂದರೆ 1944ರ ಜೂನ್ 6ಕ್ಕೆ ಮಿತ್ರಪಡೆಗಳು ನಾರ್ಮಂಡಿಯ ಕಡಲ ದಂಡೆಯಲ್ಲಿ ಇಳಿದ ದಿನಕ್ಕೆ, ಮುಂಚೆ ಜರ್ಮನ್ನರ ದಿಕ್ಕು ತಪ್ಪಿಸಲು ಇವರಿಗೆ ಮಾಂಟಿಯ ವೇಷ ಹಾಕಿಸಿದರು. ಮಾಂಟಿಯ ಜೊತೆಗಿಟ್ಟು ನಡಿಗೆ, ಮಾತು, ಕೈ ಬೀಸುವ ರೀತಿ ಎಲ್ಲ ಕಲಿಸಿದರು. ಮೊದಲ ಮಹಾಯುದ್ಧದಲ್ಲಿ ಜೇಮ್ಸ್ ಅವರ ನಡುಬೆರಳು ಹೋಗಿತ್ತು, ಅದಕ್ಕೆ ಒಂದು ಕೃತಕ ಬೆರಳು ಮಾಡಿಸಿದರು. ಮಾಂಟಿ ಸಿಗರೇಟು, ಹೆಂಡ ಮುಟ್ಟುವವರಲ್ಲ, ಹಾಗಾಗಿ ಇವರೂ ಬಿಡಬೇಕಾಯಿತು. 26 ಮೇ 1944ರಂದು ಚರ್ಚಿಲ್ ಅವರ ವಿಮಾನದಲ್ಲೇ ಜಿಬ್ರಾಲ್ಟರ್‌ಗೆ ಕಳಿಸಿದರು. ಅಲ್ಲಿಂದ ಅಲ್ಜಿಯರ್ಸ್. ಮಾಂಟಿ ಮೆಡಿಟರೇನಿಯನ್ ಕಡೆ ಓಡಾಡುತ್ತಿದ್ದಾರೆ, ಅಂದರೆ ಇಂಗ್ಲೆಂಡಿನಿಂದ ದಾಳಿ ಸದ್ಯಕ್ಕಿಲ್ಲ ಅಂತ ಜರ್ಮನ್ ಗೂಢಚಾರರು ಬರೆದು ಕಳಿಸಲಿ ಅನ್ನುವುದು ಉದ್ದೇಶ. ಈ ಯೋಜನೆಯ ಹೆಸರು ಕಾಪರ್‌ಹೆಡ್.

ಮಕ್ಕಳಿಗೆ ಕಥೆ ಬಹಳ ಹಿಡಿಸಿತು. ಜೊತೆಗೆ ಜರ್ಮನ್ನರನ್ನು ನಂಬಿಸಲು ಕಟ್ಟಿದ, ಅಮೆರಿಕದ ಜನರಲ್ ಪ್ಯಾಟನ್ ಅವರ ಸುಳ್ಳು ಸೈನ್ಯದ ವಿಷಯವೂ ಒಂದೆರಡು ಮಾತಿನಲ್ಲಿ ಹೇಳಿದ್ದೆ. ಹತ್ತು ವರ್ಷದ ಒಬ್ಬ ಹುಡುಗ ಕೈ ಎತ್ತಿದ. "ಅಂಕಲ್, ಆ ಸುಳ್ಳು ಸೈನ್ಯದ ಜನರಲ್ ಕೂಡ ವೇಷದವರಾ?"

"ಇಲ್ಲಪ್ಪ, ಅವರು ನಿಜವಾದ ಜನರಲ್."

"ಹಂಗಾದ್ರೆ ಅವರು ನಿಜವಾದ ಯುದ್ಧಕ್ಕೆ ಹೋದಾಗ ಸುಳ್ಳು ಸೈನ್ಯ ನೋಡಿಕೊಂಡಿದ್ದು ಯಾರು?"

ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ. ಮುಂದಿನ ವಾರ ನಾಲ್ಕು ತಿಂಗಳಾಯಿತು.

ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್, ಅಂದರೆ ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಪಶ್ಚಿಮಕ್ಕೆ ಕ್ಯೂ ಎಂಬಲ್ಲಿದೆ. ಅಲ್ಲಿಗೆ ಹೋಗಲು ಪ್ರೊಫೆಸರ್ ಆಗಿರಬೇಕಿಲ್ಲ, ಈ ದೇಶದ ಪ್ರಜೆಯೂ ಆಗಿರಬೇಕಿಲ್ಲ. ಈ ಮಾತನ್ನು ಮೊದಲೇ ಹೇಳಬೇಕು, ಯಾಕೆಂದರೆ ನಾನು ಎಷ್ಟೋ ವರ್ಷ ಅದು ನಮ್ಮಂಥವರಿಗಲ್ಲ ಅಂದುಕೊಂಡು ಸುಮ್ನೆ ಇದ್ದೆ. ಮೂಲ ಕಾಗದ ಮುಟ್ಟಿ ನೋಡಬೇಕಾದರೆ ರೀಡರ್ಸ್ ಟಿಕೆಟ್ ಬೇಕು. ಅದು ಪುಕ್ಕಟೆ. ಮೂರು ವರ್ಷ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಮೊದಲ ಸಲ ಹೋದಾಗ ಗುರುತಿಗೆ ಒಂದು, ವಿಳಾಸಕ್ಕೆ ಇನ್ನೊಂದು ದಾಖಲೆ ತೋರಿಸಬೇಕು. ಒಂದೇ ಕಾಗದ ಎರಡಕ್ಕೂ ನಡೆಯುವುದಿಲ್ಲ.

ನನಗೆ ಮೊದಲ ಪೆಟ್ಟು ಬಿದ್ದಿದ್ದು ಇಲ್ಲೇ. ಗುರುತಿಗೆ ಪಾಸ್‌ಪೋರ್ಟ್ ಇತ್ತು. ವಿಳಾಸಕ್ಕೆ ಏನೂ ಇಲ್ಲ! ಕರೆಂಟ್ ಬಿಲ್, ಕೌನ್ಸಿಲ್ ಟ್ಯಾಕ್ಸ್ ಎಲ್ಲ ಹೆಂಡತಿಯ ಹೆಸರಲ್ಲಿ. ಬ್ಯಾಂಕಿನದ್ದೆಲ್ಲ ಫೋನಿನೊಳಗೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೇ ಮನೆಯ ವಿಳಾಸ. ಬ್ಯಾಂಕಿಗೆ ಹೇಳಿ ಅಂಚೆಯಲ್ಲಿ ಸ್ಟೇಟ್‌ಮೆಂಟ್ ತರಿಸಿಕೊಳ್ಳಲು ಎರಡು ವಾರ ಹೋಯಿತು. ನೀವು ಹೋಗುವ ಯೋಚನೆ ಇದ್ದರೆ ಇವತ್ತೇ ಒಂದು ಬಿಲ್ಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಯಾವ ಯಾವ ಕಾಗದ ನಡೆಯುತ್ತದೆ ಅನ್ನುವ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ, ಹೊರಡುವ ಮುಂಚೆ ಒಮ್ಮೆ ಓದಿಕೊಳ್ಳಿ. ಭಾನುವಾರ, ಸೋಮವಾರ ರಜೆ. ಕೆಲಸಕ್ಕೆ ಹೋಗುವವರಿಗೆ ಶನಿವಾರವೇ ಗತಿ.

ಎರಡನೆಯದು ಹುಡುಕಾಟ. ಕ್ಯಾಟಲಾಗ್‌ನಲ್ಲಿ 'ನಕಲಿ', 'ವಂಚನೆ', 'ವೇಷ' ಅಂತೆಲ್ಲ ಇಂಗ್ಲಿಷಿನಲ್ಲಿ ಹಾಕಿದರೆ ಬೇಕಾದ್ದು ಬರುವುದಿಲ್ಲ. 'ಪ್ಯಾಟನ್' ಅಂತ ಹಾಕಿದರೆ ಬೇಡದ್ದೆಲ್ಲ ಬರುತ್ತದೆ. ಗುಟ್ಟಿನ ಕೆಲಸ ಮಾಡಿದವರು ಫೈಲಿನ ಮೇಲೆ ಗುಟ್ಟಿನ ಹೆಸರನ್ನೇ ಬರೆದಿದ್ದಾರೆ, ಆ ಹೆಸರಿನಿಂದಲೇ ಹುಡುಕಬೇಕು. ಬಾಡಿಗಾರ್ಡ್, ಫಾರ್ಟಿಟ್ಯೂಡ್, ಕ್ವಿಕ್‌ಸಿಲ್ವರ್, ಕಾಪರ್‌ಹೆಡ್, ಗಾರ್ಬೊ. ಇದು ತಿಳಿಯಲು ನನಗೆ ಮೂರು ರಾತ್ರಿ ಬೇಕಾಯಿತು. ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಅವರ ಪ್ರಧಾನ ಕಚೇರಿಯ ಕಾಗದಗಳು ಡಬ್ಲ್ಯೂಓ 219 ಅನ್ನುವ ಫೈಲ್ ಸರಣಿಯಲ್ಲಿವೆ. ಬೇಹುಗಾರರ ಫೈಲ್‌ಗಳು ಕೆವಿ 2ರಲ್ಲಿ. ಇಡೀ ಯುದ್ಧದ ಸುಳ್ಳುಗಳನ್ನು ಲಂಡನ್ನಿನಲ್ಲಿ ಕೂತು ಹೊಂದಿಸುತ್ತಿದ್ದ ಸಣ್ಣ ತಂಡದ ದಾಖಲೆ ಸಿಎಬಿ 154ರಲ್ಲಿ. ಬರೆದಿಟ್ಟುಕೊಳ್ಳಿ.

ಬೇಕಾದ ಫೈಲ್‌ಗಳನ್ನು ಮೊದಲೇ ಆರ್ಡರ್ ಮಾಡಿ ಹೋಗುವುದು ಒಳ್ಳೆಯದು. ನಾನು ಕೇಳಿದ ಒಂದು ಫೈಲ್ ಕ್ಯೂನಲ್ಲಿ ಇರಲೇ ಇಲ್ಲ. ಜಾಗ ಸಾಲದೆ ಎಷ್ಟೋ ದಾಖಲೆಗಳನ್ನು ಚೆಷೈರ್‌ನ ಒಂದು ಉಪ್ಪಿನ ಗಣಿಯೊಳಗೆ ಇಟ್ಟಿದ್ದಾರೆ. ಅಲ್ಲಿ ತೇವ ಇರುವುದಿಲ್ಲ, ಕಾಗದ ಕೆಡುವುದಿಲ್ಲ. ಅಲ್ಲಿಂದ ಬರಲು ಕೆಲವು ದಿನ ಹಿಡಿಯುತ್ತದೆ. ಇದನ್ನು ನೋಡದೆ ರೈಲು ಹತ್ತಿದ್ದು ನನ್ನದೇ ತಪ್ಪು. ಆ ಶನಿವಾರ ಅರ್ಧ ದಂಡ.

ಮೊದಲ ದಿನ ಬೆಳಿಗ್ಗೆ ಆರರ ರೈಲು. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಇಳಿದು, ನಡುವೆ ಒಮ್ಮೆ ರೈಲು ಬದಲಿಸಿ ಡಿಸ್ಟ್ರಿಕ್ಟ್ ಲೈನ್ ಹಿಡಿದು ಕ್ಯೂ ಗಾರ್ಡನ್ಸ್ ನಿಲ್ದಾಣ, ಅಲ್ಲಿಂದ ಹತ್ತು ನಿಮಿಷ ನಡಿಗೆ. ಕಟ್ಟಡದ ಮುಂದೆ ಒಂದು ಕೆರೆ. ಒಳಗೆ ಫೋಟೊ ತೆಗೆದು, ಹಳೇ ಕಾಗದ ಹೇಗೆ ಹಿಡಿಯಬೇಕು ಅಂತ ತಿಳಿಸಿ, ಅಲ್ಲೇ ಟಿಕೆಟ್ ಕೊಟ್ಟರು. ಕೋಟು, ಚೀಲ, ಪೆನ್ನು, ತಿಂಡಿ, ನೀರು ಎಲ್ಲ ಲಾಕರ್‌ಗೆ. ಓದುವ ಕೋಣೆಗೆ ಪೆನ್ಸಿಲ್ ಮಾತ್ರ. ಅಳಿಸುವ ರಬ್ಬರ್ ಕೂಡ ಬಿಡುವುದಿಲ್ಲ. ಲ್ಯಾಪ್‌ಟಾಪ್, ಫೋನು ಇರಬಹುದು, ಫ್ಲಾಶ್ ಇಲ್ಲದೆ ಫೋಟೊ ತೆಗೆಯಬಹುದು, ಅದಕ್ಕೆ ದುಡ್ಡಿಲ್ಲ. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡು ಹೋಗಿ. ಓದುತ್ತಾ ಕೂತರೆ ದಿನ ಸಾಲುವುದಿಲ್ಲ, ಮೊದಲು ಫೋಟೊ ತೆಗೆದುಕೊಂಡು ಮನೆಯಲ್ಲಿ ಓದಿ.

ಆ ಮೊದಲ ಫೈಲ್ ತೆರೆದ ಗಳಿಗೆಯನ್ನು ಹೇಳದೆ ಇರಲಾರೆ. ನಮ್ಮ ತಾಲ್ಲೂಕು ಕಚೇರಿಯ ಹಳೇ ಫೈಲಿನ ಹಾಗೇ ಇತ್ತು. ಮೂಲೆಗೆ ತೂತು ಹಾಕಿ ದಾರದ ಟ್ಯಾಗ್ ಪೋಣಿಸಿದ್ದರು. ಕಾರ್ಬನ್ ಪ್ರತಿಯ ತೆಳು ಕಾಗದ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಟೈಪ್‌ರೈಟರ್‌ನ ಚುಕ್ಕಿ ಗಟ್ಟಿಯಾಗಿ ಕುಟ್ಟಿದ ಕಡೆ ಕಾಗದ ತೂತಾಗಿದೆ. ತಲೆಯ ಮೇಲೆ ಅತಿ ರಹಸ್ಯ ಅನ್ನುವ ಮುದ್ರೆ. ಯಾರೋ ನೀಲಿ ಪೆನ್ಸಿಲ್‌ನಲ್ಲಿ ಒಂದು ಪದ ಹೊಡೆದು ಹಾಕಿ ಬೇರೆ ಪದ ಬರೆದಿದ್ದಾರೆ. ನನ್ನ ಕೈ ನಡುಗುತ್ತಿತ್ತು. ಈ ಹಾಳೆ ಆಗ ಬೇರೆಯವರ ಕೈಗೆ ಸಿಕ್ಕಿದ್ದರೆ ಎಷ್ಟು ಸಾವಿರ ಹುಡುಗರು ಆ ಕಡಲ ದಂಡೆಯಲ್ಲಿ ಸಾಯುತ್ತಿದ್ದರೋ ಅನಿಸಿತು.

ಓದುತ್ತಾ ಹೋದ ಹಾಗೆ ಒಂದು ವಿಷಯ ಗಟ್ಟಿಯಾಯಿತು. ನಾವೆಲ್ಲ ಹೇಳಿಕೊಂಡು ಬಂದ ವೇಷದ ಕಥೆ ಇದರಲ್ಲಿ ಒಂದು ಸಣ್ಣ ತುಣುಕು ಅಷ್ಟೇ. ಜಿಬ್ರಾಲ್ಟರ್ ಪ್ರಯಾಣದಿಂದ ಜರ್ಮನ್ ಸೇನೆಯ ಲೆಕ್ಕಾಚಾರ ದೊಡ್ಡದಾಗಿ ಬದಲಾದ ಹಾಗೆ ಕಾಣುವುದಿಲ್ಲ. ಕೆಲಸ ಮಾಡಿದ್ದು ಇನ್ನೊಂದು. ಅದಕ್ಕೆ ಬಣ್ಣ ಇಲ್ಲ, ರಂಗ ಇಲ್ಲ. ಬರೀ ಟೈಮ್‌ಟೇಬಲ್.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1943ರ ಕೊನೆಗೆ ಟೆಹರಾನ್‌ನಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಸೇರಿದ್ದರು. ಯುದ್ಧದಲ್ಲಿ ಸತ್ಯ ಎಷ್ಟು ಅಮೂಲ್ಯ ಅಂದರೆ ಅದಕ್ಕೆ ಸದಾ ಸುಳ್ಳುಗಳ ಅಂಗರಕ್ಷಕ ಪಡೆ ಇರಬೇಕು ಅಂತ ಚರ್ಚಿಲ್ ಅಲ್ಲಿ ಹೇಳಿದರು. ಇಡೀ ಯೋಜನೆಗೆ ಬಾಡಿಗಾರ್ಡ್ ಅನ್ನುವ ಹೆಸರು ಬಂದಿದ್ದು ಹಾಗೆ. ಅದರ ಒಂದು ಭಾಗ ಫಾರ್ಟಿಟ್ಯೂಡ್. ಅದರಲ್ಲೂ ಎರಡು ಪಾಲು. ಉತ್ತರದ್ದು ಸ್ಕಾಟ್ಲೆಂಡಿನಿಂದ ನಾರ್ವೆ ಮೇಲೆ ದಾಳಿ ಅನ್ನುವ ಸುಳ್ಳು. ದಕ್ಷಿಣದ್ದು ಇಂಗ್ಲೆಂಡಿನ ಡೋವರ್ ಕಡೆಯಿಂದ ಫ್ರಾನ್ಸಿನ ಪಾ-ದ-ಕಲೆ ಎಂಬ ಕಡಲ ತೀರದ ಪ್ರದೇಶದ ಮೇಲೆ ದಾಳಿ ಅನ್ನುವ ಸುಳ್ಳು. ಕಡಲು ಅತಿ ಕಿರಿದಾಗಿರುವುದು ಅಲ್ಲೇ, ಆದ್ದರಿಂದ ಮಿತ್ರಪಡೆಗಳು ಅಲ್ಲೇ ಬರುತ್ತವೆ ಅಂತ ಜರ್ಮನ್ನರು ಮೊದಲೇ ನಂಬಿದ್ದರು. ಅವರ ನಂಬಿಕೆಗೆ ನೀರೆರೆದರೆ ಸಾಕಿತ್ತು.

ಅದಕ್ಕೆ ಹುಟ್ಟಿದ್ದು ಮೊದಲನೇ ಅಮೆರಿಕನ್ ಸೇನಾ ಸಮೂಹ, ಇಂಗ್ಲಿಷಿನ ಸಂಕ್ಷೇಪದಲ್ಲಿ ಫುಸ್ಯಾಗ್. ಕಾಗದದ ಮೇಲೆ ದೊಡ್ಡ ಸೈನ್ಯ. ನಿಜದಲ್ಲಿ ಅದರ ಕೆಲವು ಪಡೆಗಳು ಇದ್ದವು, ಆದರೆ ಬೇರೆ ಕೆಲಸಕ್ಕೆ. ಉಳಿದವು ಇರಲೇ ಇಲ್ಲ. ಕ್ವಿಕ್‌ಸಿಲ್ವರ್ ಅನ್ನುವ ಹೆಸರಲ್ಲಿ ಒಂದರಿಂದ ಆರರವರೆಗೆ ಯೋಜನೆ. ಒಂದರಲ್ಲಿ ಕಥೆ. ಎರಡರಲ್ಲಿ ವೈರ್‌ಲೆಸ್. ರೇಡಿಯೊ ಗಾಡಿಗಳು ಊರಿಂದ ಊರಿಗೆ ಓಡಾಡಿ, ದೊಡ್ಡ ಸೈನ್ಯ ಮಾತಾಡಿಕೊಂಡ ಹಾಗೆ ಸಂದೇಶ ಕಳಿಸುತ್ತಿದ್ದವು. ಮೂರರಲ್ಲಿ ಸುಳ್ಳು ದೋಣಿಗಳು. ಕಬ್ಬಿಣದ ಕೊಳವೆಯ ಚೌಕಟ್ಟು, ಮೇಲೆ ಕ್ಯಾನ್ವಾಸ್ ಬಟ್ಟೆ, ಕೆಳಗೆ ಎಣ್ಣೆ ಡ್ರಮ್ಮು. ಗ್ರೇಟ್ ಯಾರ್ಮತ್, ಲೋಸ್ಟಾಫ್ಟ್ ಬಂದರಿನಲ್ಲೂ ಡೆಬೆನ್, ಆರ್ವೆಲ್ ನದಿಗಳಲ್ಲೂ ಇವನ್ನು ತೇಲಿಬಿಟ್ಟಿದ್ದರು. ಜೋರು ಗಾಳಿ ಬಂದರೆ ಪಲ್ಟಿ ಹೊಡೆಯುತ್ತಿದ್ದವು, ಹುಡುಗರು ಹೋಗಿ ಮತ್ತೆ ನಿಲ್ಲಿಸುತ್ತಿದ್ದರು. ಉಳಿದವುಗಳಲ್ಲಿ ಬಾಂಬ್ ದಾಳಿಯ ಲೆಕ್ಕ, ಡೋವರ್‌ನಲ್ಲಿ ಗಡಿಬಿಡಿ, ರಾತ್ರಿಯ ದೀಪ.

ಈ ಸೈನ್ಯದ ದಂಡನಾಯಕ ಪ್ಯಾಟನ್. ನಮ್ಮೂರಲ್ಲಿ ಜೋಳದ ಹೊಲಕ್ಕೆ ಬೆದರುಗೊಂಬೆ ನಿಲ್ಲಿಸುವಾಗ ಅಜ್ಜಿ ಹೊಸ ಬಟ್ಟೆ ಹಾಕಲು ಬಿಡುತ್ತಿರಲಿಲ್ಲ. ಅಪ್ಪ ದಿನಾ ಹಾಕಿಕೊಂಡು ಹೊಲದಲ್ಲಿ ತಿರುಗಿದ ಅಂಗಿಯೇ ಆಗಬೇಕು, ಹಕ್ಕಿ ಅದನ್ನು ನೋಡಿ ಬಲ್ಲದು ಅನ್ನುತ್ತಿದ್ದಳು. ಪ್ಯಾಟನ್ ಅಂಥ ಅಂಗಿ. ಸಿಸಿಲಿಯಲ್ಲಿ 1943ರ ಆಗಸ್ಟ್‌ನಲ್ಲಿ ಆಸ್ಪತ್ರೆಯಲ್ಲಿದ್ದ ಸೈನಿಕರಿಗೆ ಕಪಾಳಕ್ಕೆ ಹೊಡೆದು ಹೆಸರು ಕೆಡಿಸಿಕೊಂಡಿದ್ದರು. ಆಮೇಲೆ ತಿಂಗಳುಗಟ್ಟಲೆ ಯುದ್ಧಭೂಮಿ ಇಲ್ಲ. ಅಂಥವರನ್ನು ಇಂಗ್ಲೆಂಡಿಗೆ ಕರೆತಂದು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಓಡಾಡಿಸಿದರು. ವೇಷ ಇಲ್ಲ, ಬಣ್ಣ ಇಲ್ಲ, ಅವರು ಅವರೇ. ಸೈನ್ಯ ಮಾತ್ರ ಸುಳ್ಳು.

ಇದನ್ನು ಜರ್ಮನ್ನರ ಕಿವಿಗೆ ಹಾಕಿದವರು ಇಮ್ಮಡಿ ಬೇಹುಗಾರರು, ಅಂದರೆ ಜರ್ಮನ್ನರ ಗೂಢಚಾರರ ಹಾಗೆ ನಟಿಸುತ್ತಾ ಬ್ರಿಟಿಷರಿಗೆ ಕೆಲಸ ಮಾಡುತ್ತಿದ್ದವರು. ಅವರಲ್ಲಿ ದೊಡ್ಡ ಹೆಸರು ಗಾರ್ಬೊ, ಅಂದರೆ ಸ್ಪೇನಿನ ಹ್ವಾನ್ ಪುಜೋಲ್. ಇಲ್ಲದ 27 ಮಂದಿ ಉಪಗೂಢಚಾರರನ್ನು ಸೃಷ್ಟಿಸಿದ್ದರು. ಅವರಲ್ಲೊಬ್ಬ ಲಿವರ್‌ಪೂಲಿನಲ್ಲಿ 'ಸತ್ತಾಗ' ಪತ್ರಿಕೆಯಲ್ಲಿ ನಿಧನ ವಾರ್ತೆ ಹಾಕಿಸಿ, ಇಲ್ಲದ ಅವನ ಇಲ್ಲದ ವಿಧವೆಗೆ ಜರ್ಮನ್ನರಿಂದ ಪಿಂಚಣಿಯನ್ನೂ ಕೊಡಿಸಿದರು. 9 ಜೂನ್ 1944, ಡಿ-ಡೇ ಆಗಿ ಮೂರನೇ ದಿನ, ನಡುರಾತ್ರಿ ದಾಟಿದ ಮೇಲೆ ಎರಡು ಗಂಟೆ ಹೊತ್ತು ಒಂದು ಉದ್ದದ ಸಂದೇಶ ಕಳಿಸಿದರು. ನಾರ್ಮಂಡಿ ಬರೀ ದಿಕ್ಕು ತಪ್ಪಿಸುವ ದಾಳಿ, ನಿಜವಾದ ಏಟು ಪಾ-ದ-ಕಲೆ ಮೇಲೆ ಬೀಳುತ್ತದೆ ಅನ್ನುವುದು ಅದರ ಸಾರ. ಅದು ಹಿಟ್ಲರ್‌ವರೆಗೂ ಹೋಯಿತು. ಜರ್ಮನ್ನರ ಹದಿನೈದನೇ ಸೈನ್ಯದ ಬಹುಪಾಲು ಜುಲೈ ಬಂದರೂ ಪಾ-ದ-ಕಲೆ ಬಿಟ್ಟು ಕದಲಲಿಲ್ಲ. ಆ ವಾರಗಳಲ್ಲೇ ನಾರ್ಮಂಡಿ ಉಳಿಯಿತು. ಗಾರ್ಬೊಗೆ ಅದೇ ವರ್ಷ ಜರ್ಮನ್ನರು ಐರನ್ ಕ್ರಾಸ್ ಪದಕ ಕೊಟ್ಟರು, ಬ್ರಿಟಿಷರು ಎಂಬಿಇ ಎಂಬ ಗೌರವ ಕೊಟ್ಟರು.

ನಡುವೆ ಒಂದು ಶನಿವಾರ ನನ್ನ ದಾರಿ ಬಿಟ್ಟು ಡಬ್ಲ್ಯೂಓ 203 ತರಿಸಿ ನೋಡಿದೆ. ನಮ್ಮ ಕಡೆಯ ಯುದ್ಧದ ಕಾಗದ ಅದರಲ್ಲಿವೆ. ದೆಹಲಿಯಲ್ಲಿ ಪೀಟರ್ ಫ್ಲೆಮಿಂಗ್ ಎಂಬುವರು ಇಂಥದ್ದೇ ಒಂದು ವಿಭಾಗ ನಡೆಸುತ್ತಿದ್ದರು. 1942ರಲ್ಲಿ ಬರ್ಮಾದಿಂದ ಬ್ರಿಟಿಷರು ಹಿಂದೆ ಸರಿಯುವಾಗ, ಆವಾ ಸೇತುವೆಯ ಹತ್ತಿರ ಒಂದು ಕಾರನ್ನು ಅಪಘಾತ ಆದ ಹಾಗೆ ಬಿಟ್ಟು, ಅದರಲ್ಲಿ ಭಾರತದ ಆಗಿನ ಸೇನಾ ಮುಖ್ಯಸ್ಥ ಜನರಲ್ ವೇವೆಲ್ ಅವರದ್ದು ಅನ್ನುವ ಹಾಗೆ ಸುಳ್ಳು ಕಾಗದಗಳನ್ನು ಇಟ್ಟಿದ್ದರು, ಜಪಾನೀಯರ ಕೈಗೆ ಸಿಗಲಿ ಅಂತ. ಇದರ ಬಗ್ಗೆ ನಮ್ಮ ಭಾಷೆಯಲ್ಲಿ ಯಾರಾದರೂ ಕೂತು ಬರೆಯಬೇಕು. ಫೈಲ್‌ಗಳು ಅಲ್ಲೇ ಇವೆ, ಕಾಯುತ್ತಿವೆ.

ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕನೇ ಸಲ ಹೋದಾಗ. ಪ್ಯಾಟನ್ 6 ಜುಲೈಗೆ ಫ್ರಾನ್ಸ್‌ಗೆ ಹೋದರು, ಅವರ ನಿಜವಾದ ಮೂರನೇ ಸೈನ್ಯ ಆಗಸ್ಟ್ 1ಕ್ಕೆ ಕಣಕ್ಕಿಳಿಯಬೇಕಿತ್ತು. ಆದರೆ ಸುಳ್ಳು ಸೈನ್ಯವನ್ನು ಇನ್ನೂ ಬದುಕಿಸಿಡಬೇಕಿತ್ತು. ಅದಕ್ಕೆ ಜರ್ಮನ್ನರು ನಂಬುವಂಥ ಇನ್ನೊಂದು ದೊಡ್ಡ ಹೆಸರು ಬೇಕಾಯಿತು. ಆ ಹೆಸರು ಲೆಫ್ಟಿನೆಂಟ್ ಜನರಲ್ ಲೆಸ್ಲಿ ಮೆಕ್‌ನೇರ್. ಅಮೆರಿಕದ ಇಡೀ ಭೂಸೇನೆಗೆ ತರಬೇತಿ ಕೊಡಿಸಿದವರು. ಅವರನ್ನು ಅಮೆರಿಕದಿಂದ ಕರೆಸಿ ಇಲ್ಲದ ಸೈನ್ಯಕ್ಕೆ ದಂಡನಾಯಕ ಮಾಡಿದರು.

ಇಷ್ಟಕ್ಕೇ ಸುಮ್ಮನಿರಲು ಮೆಕ್‌ನೇರ್ ಅವರಿಂದ ಆಗಲಿಲ್ಲ. ತಾವು ತರಬೇತಿ ಕೊಟ್ಟ ಹುಡುಗರು ಹೇಗೆ ಕಾದುತ್ತಾರೆ ಅಂತ ನೋಡಲು ನಾರ್ಮಂಡಿಯ ಮುಂಚೂಣಿಗೆ ಹೋದರು. 25 ಜುಲೈ 1944. ಸೇಂಟ್ ಲೋ ಹತ್ತಿರ ಜರ್ಮನ್ ಸಾಲನ್ನು ಮುರಿದು ಮುನ್ನುಗ್ಗುವ ಕೋಬ್ರಾ ಕಾರ್ಯಾಚರಣೆ ಶುರು. ಅಮೆರಿಕದ ವಿಮಾನಗಳು ಹಾಕಿದ ಬಾಂಬುಗಳಲ್ಲಿ ಕೆಲವು ಗುರಿಗಿಂತ ಹಿಂದೆ, ಅಮೆರಿಕದವರ ಮೇಲೇ ಬಿದ್ದವು. ಆ ದಿನ ಹಾಗೆ ಸತ್ತವರು 111 ಮಂದಿ. ಅವರಲ್ಲಿ ಮೆಕ್‌ನೇರ್ ಒಬ್ಬರು. ಅಂತ್ಯಕ್ರಿಯೆ ಗುಟ್ಟಾಗಿ ನಡೆಯಿತು, ಅಮೆರಿಕದ ಜನರಲ್‌ಗಳಾದ ಬ್ರಾಡ್ಲಿ, ಪ್ಯಾಟನ್ ಸೇರಿ ಕೆಲವೇ ಹಿರಿಯರು ಇದ್ದರು. ಸುಳ್ಳು ಸೈನ್ಯವನ್ನು ಬಿಟ್ಟುಕೊಟ್ಟವರು, ಅದನ್ನು ವಹಿಸಿಕೊಂಡವರನ್ನು ಮಣ್ಣು ಮಾಡಲು ನಿಂತಿದ್ದರು. ಆ ಕುರ್ಚಿಗೆ ತಕ್ಷಣ ಇನ್ನೊಬ್ಬ ಜನರಲ್, ಡಿವಿಟ್, ಬಂದರು. ಆಟ ನಿಲ್ಲುವ ಹಾಗಿರಲಿಲ್ಲ. ಹನ್ನೆರಡು ದಿನ ಕಳೆದು, ಆಗಸ್ಟ್ 6ಕ್ಕೆ, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಮೆಕ್‌ನೇರ್ ಅವರ ಒಬ್ಬನೇ ಮಗನೂ ಯುದ್ಧದಲ್ಲಿ ತೀರಿಕೊಂಡ.

ಓದುವ ಕೋಣೆಯಲ್ಲಿ ಆಮೇಲೆ ಏನೂ ಓದಲಾಗಲಿಲ್ಲ. ಹೊರಗೆ ಬಂದು ಕೆರೆಯ ಹತ್ತಿರ ಕೂತೆ. ನಾವು ಮಕ್ಕಳಿಗೆ ಇದನ್ನು ನಗುವಿನ ಕಥೆ ಮಾಡಿ ಹೇಳುತ್ತೇವೆ. ಗಾಳಿ ತುಂಬಿದ ಟ್ಯಾಂಕು, ಕ್ಯಾನ್ವಾಸ್ ದೋಣಿ, ವೇಷದ ಜನರಲ್. ನಾನೂ ಹಾಗೇ ಹೇಳಿದ್ದೆ. ಮೆಕ್‌ನೇರ್ ಅವರ ಹೆಂಡತಿ ಎರಡು ವಾರದೊಳಗೆ ಗಂಡನನ್ನೂ ಮಗನನ್ನೂ ಕಳೆದುಕೊಂಡರು ಅನ್ನುವುದನ್ನು ಯಾರೂ ಹೇಳಿರಲಿಲ್ಲ. ವೇಷದ ಜೇಮ್ಸ್ ಅವರಿಗೂ ಯುದ್ಧ ಮುಗಿದ ಮೇಲೆ ಸುಖ ಇರಲಿಲ್ಲ, ಕೆಲಸ ಸಿಗದೆ ಹೆಂಡತಿ ಮಕ್ಕಳನ್ನು ಸಾಕಲು ಕಷ್ಟಪಟ್ಟರು. ಮೆಕ್‌ನೇರ್ ಅವರ ಸಮಾಧಿ ನಾರ್ಮಂಡಿಯ ಕೊಲ್‌ವಿಲ್-ಸುರ್-ಮೆರ್ ಎಂಬ ಊರಿನ ಅಮೆರಿಕನ್ ಯೋಧರ ಸ್ಮಶಾನದಲ್ಲಿದೆ. ಹೋಗಲೇಬೇಕು ಅನಿಸಿತು.

ಅಲ್ಲಿಂದ ವೀಸಾದ ಗೋಳು. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಗೆಳೆಯ ಟಿಕೆಟ್ ತೆಗೆದುಕೊಂಡು ಹೊರಟುಬಿಡುತ್ತಾನೆ. ನಮಗೆ ಷೆಂಗೆನ್ ವೀಸಾ ಬೇಕು. ಶುಲ್ಕ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ಅರ್ಜಿ ತುಂಬುವುದು ಕಷ್ಟವಲ್ಲ, ಸಮಯ ಸಿಗುವುದು ಕಷ್ಟ. ನನಗೆ ಮೂರು ವಾರ ಒಂದೂ ಜಾಗ ಕಾಣಲಿಲ್ಲ. ಬೆಳಿಗ್ಗೆ ಬೇಗ ಎದ್ದು ನೋಡಿ, ಯಾರಾದರೂ ಬಿಟ್ಟುಕೊಟ್ಟ ಜಾಗ ಆಗಲೇ ಕಾಣುವುದು. ದುಡ್ಡು ಕೊಟ್ಟರೆ ಸಮಯ ಕೊಡಿಸುತ್ತೇವೆ ಅನ್ನುವ ಏಜೆಂಟರ ಹತ್ತಿರ ಹೋಗಬೇಡಿ.

ಪಾಸ್‌ಪೋರ್ಟ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯಿಂದ ಪತ್ರ, ಉಳಿಯುವ ಜಾಗದ ಬುಕಿಂಗ್, ಹೋಗಿಬರುವ ಟಿಕೆಟ್, 30,000 ಯೂರೊ ವೈದ್ಯಕೀಯ ಖರ್ಚಿಗೆ ಸಾಲುವ ಪ್ರಯಾಣ ವಿಮೆ, ಇಲ್ಲಿ ಇರಲು ಅನುಮತಿ ಇದೆ ಅನ್ನುವುದಕ್ಕೆ ಪುರಾವೆ. ಈಗ ಪ್ಲಾಸ್ಟಿಕ್ ಕಾರ್ಡ್ ಇಲ್ಲ, ಎಲ್ಲ ಇ-ವೀಸಾ. ಅದರ ಪುಟವನ್ನೂ ಷೇರ್ ಕೋಡನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ನನ್ನನ್ನು ತಡೆದಿದ್ದು ಹೆಸರು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿದೆ. ಬ್ಯಾಂಕಿನಲ್ಲಿ ಎರಡು ಇನಿಷಿಯಲ್ ಮಾತ್ರ. ಕೌಂಟರಿನಲ್ಲಿ ಇಬ್ಬರೂ ಒಬ್ಬರೇನಾ ಅಂತ ಕೇಳಿದರು. ಆ ದಿನ ವಾಪಸ್. ನಮ್ಮ ಕಡೆಯ ಹೆಸರಿನ ಪದ್ಧತಿ ಅವರಿಗೆ ಹೇಗೆ ಗೊತ್ತಾಗಬೇಕು ಹೇಳಿ. ಎರಡೂ ಹೆಸರು ಒಬ್ಬನದೇ ಅಂತ ಆಫೀಸಿನಿಂದ ಒಂದು ಪತ್ರ ಬರೆಸಿ, ನಾನೂ ಅರ್ಧ ಪುಟ ವಿವರ ಬರೆದು, ಮತ್ತೆ ಸಮಯ ಹಿಡಿದು ಹೋದೆ. ಇನಿಷಿಯಲ್ ಇರುವವರು ಇದನ್ನು ಮೊದಲೇ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಹದಿನೇಳು ದಿನಕ್ಕೆ ವಾಪಸ್ ಬಂತು. ಅಷ್ಟರಲ್ಲಿ ಮೊದಲು ತೆಗೆದಿದ್ದ ಹಡಗಿನ ಟಿಕೆಟ್ ದಿನ ಕಳೆದು ಹೋಗಿತ್ತು. ಐದು ಪೌಂಡ್ ಜಾಸ್ತಿ ಆದರೂ ದಿನ ಬದಲಿಸಬಹುದಾದ ಟಿಕೆಟ್ಟನ್ನೇ ತೆಗೆಯಿರಿ. ರೈಲು, ವೀಸಾ, ವಿಮೆ, ಹಡಗು, ಎರಡು ರಾತ್ರಿ ಉಳಿದಿದ್ದು ಎಲ್ಲ ಸೇರಿ ನನಗೆ 640 ಪೌಂಡ್ ಆಯಿತು.

ಪೋರ್ಟ್ಸ್‌ಮತ್‌ನಿಂದ ರಾತ್ರಿ ಹಡಗು. ಕುರ್ಚಿಯಲ್ಲೇ ಮಲಗಿದೆ. ನಿದ್ದೆ ಬರಲಿಲ್ಲ, ಡೆಕ್ ಮೇಲೆ ಹೋಗಿ ನಿಂತೆ. ಕತ್ತಲು, ಎಂಜಿನ್ ಸದ್ದು, ಉಪ್ಪು ಗಾಳಿ. ಬೆಳಿಗ್ಗೆ ಇಳಿಯುವುದು ವಿಸ್ತ್ರೆಹಾಮ್‌ನಲ್ಲಿ, ಬ್ರಿಟಿಷರು ಇಳಿದ ಸ್ವೋರ್ಡ್ ದಂಡೆಯ ತುದಿಗೆ. ವೀಸಾ ಇದ್ದರೂ ವಾಪಸ್ ಟಿಕೆಟ್, ವಿಮೆ ಕೇಳುತ್ತಾರೆ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಲ್ಲಿಂದ ಕ್ಯಾನ್‌ಗೆ ಬಸ್, ಕ್ಯಾನ್‌ನಿಂದ ಬಾಯೊಗೆ ರೈಲು, ಬಾಯೊದಿಂದ ಕೊಲ್‌ವಿಲ್‌ಗೆ ಮತ್ತೆ ಬಸ್. ಈ ಕೊನೆಯ ಬಸ್ ದಿನಕ್ಕೆ ಕೆಲವೇ ಸಲ ಇದೆ. ವಾಪಸ್ ಬರುವ ಬಸ್ಸಿನ ಹೊತ್ತು ನೋಡಿಕೊಂಡೇ ಹೋಗಿ. ಜೂನ್ ಮೊದಲ ವಾರ ಬೇಡ, ಡಿ-ಡೇ ನೆನಪಿನ ದಿನಗಳಲ್ಲಿ ಉಳಿಯಲು ಜಾಗವೇ ಸಿಗುವುದಿಲ್ಲ.

ಸ್ಮಶಾನದ ಪ್ರವೇಶಕ್ಕೆ ದುಡ್ಡಿಲ್ಲ. ಒಮಾಹಾ ದಂಡೆಯ ಮೇಲಿನ ದಿಬ್ಬದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಕಲ್ಲುಗಳು. ಸುಮ್ನೆ ಹುಡುಕಿದರೆ ಸಿಗುವುದಿಲ್ಲ. ಸಂದರ್ಶಕರ ಕೇಂದ್ರದಲ್ಲಿ ಹೆಸರು ಹೇಳಿದರೆ ಭಾಗ, ಸಾಲು, ಸಂಖ್ಯೆ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದು ನಡೆದೆ. ಅಲ್ಲಿ ಮಲಗಿರುವವರಲ್ಲಿ ಅತಿ ಹಿರಿಯ ಹುದ್ದೆಯವರು ಅವರೇ. ಆದರೂ ಕಲ್ಲು ಅಕ್ಕಪಕ್ಕದ ಸಿಪಾಯಿಗಳ ಕಲ್ಲಿನಷ್ಟೇ. ಹೆಸರು, ಹುದ್ದೆ, ರಾಜ್ಯ, ದಿನ. 1954ರಲ್ಲಿ ಅವರಿಗೆ ಮರಣಾನಂತರ ಪೂರ್ಣ ಜನರಲ್ ಪದವಿ ಕೊಟ್ಟರು, ಆದರೆ ಕಲ್ಲಿನ ಮೇಲೆ ಹಳೇ ಹುದ್ದೆಯೇ ಉಳಿದಿತ್ತು. ಸರಿಪಡಿಸಿದ್ದು 2010ರಲ್ಲಿ.

ಎರಡು ಸಾಲು ಆಚೆ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು, ಯಾರ ಮನೆಯವರೋ. ಅಲ್ಲಿನ ಸಿಬ್ಬಂದಿಯೊಬ್ಬರು ಒಂದು ಡಬ್ಬಿಯಲ್ಲಿ ಒಮಾಹಾ ದಂಡೆಯ ಒದ್ದೆ ಮರಳು ತಂದು, ಬೆರಳಿನಿಂದ ಆ ಕಲ್ಲಿನ ಅಕ್ಷರಗಳಿಗೆ ಒತ್ತಿ ತುಂಬಿದರು. ಆಮೇಲೆ ಬಟ್ಟೆಯಿಂದ ಮೇಲಿನದ್ದನ್ನು ಒರೆಸಿದರು. ಅಲ್ಲಿವರೆಗೆ ಬಿಳಿಯಲ್ಲಿ ಬಿಳಿಯಾಗಿ ಕಾಣದಿದ್ದ ಹೆಸರು ಹೊಂಬಣ್ಣದಲ್ಲಿ ಎದ್ದು ಬಂತು. ಆ ಅಜ್ಜಿ ಕಲ್ಲಿನ ಮೇಲೆ ಕೈ ಇಟ್ಟು ನಿಂತುಬಿಟ್ಟರು.

ನಾನು ಮೆಕ್‌ನೇರ್ ಅವರ ಕಲ್ಲಿನ ಮುಂದೆ ಹುಲ್ಲಿನ ಮೇಲೆ ಬಹಳ ಹೊತ್ತು ಇದ್ದೆ. ಹುಡುಗನಿಗೆ ತೋರಿಸಲು ಒಂದು ಫೋಟೊ ತೆಗೆದೆ. ಮಧ್ಯಾಹ್ನ ಇಳಿದ ಮೇಲೆ ಧ್ವಜ ಇಳಿಸುತ್ತಾರೆ, ಆಗ ಕಹಳೆ ನುಡಿಸುತ್ತಾರೆ. ಮೊದಲ ಸ್ವರ ಕೇಳಿದ ಕೂಡಲೇ ಇದ್ದವರೆಲ್ಲ ನಿಂತ ಕಡೆಯೇ ನಿಂತರು, ಮಕ್ಕಳೂ ಓಡುವುದು ನಿಲ್ಲಿಸಿದರು. ನಾನೂ ಎದ್ದು ನಿಂತೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.